ರಾತ್ರಿ ಎರಡು ಗಂಟೆಯ ನರ್ಸಿಂಗ್ ಹೋಮ್

ಮಧುಗಿರಿಯ ಬಸ್ ನಿಲ್ದಾಣದಲ್ಲಾಗಲಿ, ಶಿರಾದ ಸಂತೆಯಲ್ಲಾಗಲಿ ‘ಇಲ್ಲಿ ಯಾವ ನರ್ಸಿಂಗ್ ಹೋಮ್ ಒಳ್ಳೇದು?’ ಎಂದು ಕೇಳಿ ನೋಡಿ. ಬೆಡ್ ಎಷ್ಟು, ನರ್ಸ್ ಎಷ್ಟು ಜನ, ಲೈಸೆನ್ಸ್ ಇದೆಯೇ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ‘ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ, ಕಣ್ಣು ಮುಚ್ಕೊಂಡು ಹೋಗಿ’ ಎಂಬುದೇ ಉತ್ತರ. ಕೈಗುಣವೆಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಒಂದೇ ಊರಲ್ಲಿ ನೆಲೆ ನಿಂತು, ತಾಯಿಯ ಹೆರಿಗೆ ಮಾಡಿಸಿ ಈಗ ಮಗಳ ಹೆರಿಗೆಯನ್ನೂ ಮಾಡಿಸುತ್ತಿರುವ ವೈದ್ಯರ ಬಗ್ಗೆ ಊರಿಗೆ ಊರೇ ಕಟ್ಟಿಕೊಂಡ ಅಭಿಪ್ರಾಯದಲ್ಲಿ ಅನುಭವದ ಸಾಕ್ಷ್ಯ ಇದ್ದೇ ಇರುತ್ತದೆ. ತೊಡಕಿರುವುದು ಬೇರೆ ಕಡೆ. ಕೈಗುಣ ಒಬ್ಬರದು, ಅದೂ ಹಗಲಿನದು. ಬೆಳಿಗ್ಗೆ ಹನ್ನೊಂದಕ್ಕೆ ನಗುನಗುತ್ತಾ ಹೊಟ್ಟೆ ಮುಟ್ಟಿ ನೋಡಿದ ಆ ಕೈ ರಾತ್ರಿ ಎರಡು ಗಂಟೆಗೆ ಮಲಗಿರುತ್ತದೆ, ಮಲಗಲೇಬೇಕು. ಆಗ ರೋಗಿಯ ಪಕ್ಕದಲ್ಲಿರುವುದು ಬೇರೆಯವರ ಕೈ. ನರ್ಸಿಂಗ್ ಹೋಮನ್ನು ಅಳೆಯುವುದಾದರೆ ಆ ಹೊತ್ತಿನಲ್ಲಿ ಅಳೆಯಬೇಕು ಎಂಬುದು ಈ ಲೇಖನದ ವಾದ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ಮನೆ. ನಮ್ಮಲ್ಲಿ ಆ ಹೆಸರು ಹಳೆಯ ಬ್ರಿಟಿಷ್ ಬಳಕೆಯಲ್ಲೇ ಉಳಿದು, ಕೆಳಗೆ ಒಪಿಡಿ ಮತ್ತು ಮೆಡಿಕಲ್ ಶಾಪ್, ಮೇಲೆ ಹತ್ತಿಪ್ಪತ್ತು ಬೆಡ್, ಅದರ ಮೇಲೆ ಎಷ್ಟೋ ಕಡೆ ಡಾಕ್ಟರ ಮನೆಯೇ ಇರುವ ಚಿಕ್ಕ ಖಾಸಗಿ ಆಸ್ಪತ್ರೆಗೆ ಅಂಟಿಕೊಂಡಿದೆ. ಕರ್ನಾಟಕ ಇವುಗಳಿಗೆಂದು 1976ರಲ್ಲೇ ಖಾಸಗಿ ನರ್ಸಿಂಗ್ ಹೋಂಗಳ ನಿಯಂತ್ರಣ ಕಾಯ್ದೆ ಮಾಡಿತ್ತು. ಅದರ ಜಾಗಕ್ಕೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕೆಪಿಎಂಇ ಎಂದು ಕರೆಯುವ ಕಾಯ್ದೆ ಬಂತು. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದಂಥ ಊರುಗಳಲ್ಲಿ ಹೆರಿಗೆ, ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶದ ಆಪರೇಷನ್, ಡೆಂಗಿಗೆ ಡ್ರಿಪ್ ಇವೆಲ್ಲದರ ದೊಡ್ಡ ಪಾಲು ನಡೆಯುವುದು ಇಂಥ ಕಟ್ಟಡಗಳಲ್ಲೇ.

ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಸುರಕ್ಷತೆಯ ಪ್ರಶ್ನೆ ದೂರದ ಪ್ರಶ್ನೆಯೂ ಹೌದು. ತುಮಕೂರಿನ ಜಿಲ್ಲಾಸ್ಪತ್ರೆಗೆ ಕೊರಟಗೆರೆಯಿಂದ ಸುಮಾರು 26 ಕಿಲೋಮೀಟರ್, ಮಧುಗಿರಿಯಿಂದ ನಲವತ್ತು ಚಿಲ್ಲರೆ, ಶಿರಾದಿಂದ ಹೆದ್ದಾರಿಯಲ್ಲಿ ಐವತ್ತರ ಆಸುಪಾಸು. ಪಾವಗಡದಿಂದ ಹೆಚ್ಚೂಕಡಿಮೆ ನೂರು. ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ ಆ ತಾಲ್ಲೂಕಿನವರು ಜಿಲ್ಲಾ ಕೇಂದ್ರಕ್ಕೆ ಬರಬೇಕಾದರೆ ಮಧುಗಿರಿಯನ್ನೂ ಕೊರಟಗೆರೆಯನ್ನೂ ದಾಟಿ ಬರಬೇಕು. ಈಗ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡೋಣ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗದೆ ರಕ್ತ ಹರಿಯತೊಡಗಿದರೆ, ಚಿಕಿತ್ಸೆ ಸಿಗದ ತಾಯಿ ಸರಾಸರಿ ಎರಡು ಗಂಟೆಯಲ್ಲಿ ಸಾಯಬಹುದು ಎಂಬುದು ಪ್ರಸೂತಿ ಶಾಸ್ತ್ರದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಅಂದಾಜು. ನೂರು ಕಿಲೋಮೀಟರ್ ರಾತ್ರಿ ರಸ್ತೆಗೂ ಹೆಚ್ಚೂಕಡಿಮೆ ಅಷ್ಟೇ ಹೊತ್ತು ಬೇಕು. ಹಾಗಾಗಿ ‘ಏನಾದ್ರೂ ಆದ್ರೆ ತುಮಕೂರಿಗೆ ಕರ್ಕೊಂಡು ಹೋಗ್ತೀವಿ’ ಎಂಬ ಮಾತು ಕೊರಟಗೆರೆಯಲ್ಲಿ ಒಂದು ಯೋಜನೆ ಎನ್ನಿಸಿಕೊಳ್ಳಬಹುದು. ಪಾವಗಡದಲ್ಲಿ ಅದು ಬರೀ ಸಮಾಧಾನದ ಮಾತು.

ಹಾಗಿದ್ದರೆ ಜೀವ ಉಳಿಸುವುದು ಏನು? ದೊಡ್ಡ ಕಟ್ಟಡವೇ, ದುಬಾರಿ ಯಂತ್ರವೇ? ಇದಕ್ಕೆ ಉತ್ತರ ಹುಡುಕಲು ವಿದೇಶಕ್ಕೆ ಹೋಗಬೇಕಿಲ್ಲ, ಬೆಳಗಾವಿಗೆ ಹೋದರೆ ಸಾಕು. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ನಡೆಸಿದರು. ಹೆರಿಗೆ ಮಾಡಿಸಿದವರು ಸ್ಪೆಷಲಿಸ್ಟರಲ್ಲ, ಎಎನ್‌ಎಂ ಸಿಸ್ಟರ್‌ಗಳು. ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಕೊಟ್ಟವರಲ್ಲಿ ಅತಿ ರಕ್ತಸ್ರಾವ ಶೇ 6.4ರಷ್ಟು ಕಂಡರೆ, ಕೊಡದವರಲ್ಲಿ ಶೇ 12. ಇದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಾತ್ರೆಗಿಂತ ನನಗೆ ಮುಖ್ಯವಾಗಿ ಕಾಣುವುದು ಅವರು ಬಳಸಿದ ಇನ್ನೊಂದು ವಸ್ತು. ಹೆರುವವಳ ಸೊಂಟದಡಿ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಹಾಲಿನ ಅಳತೆಪಾತ್ರೆಯಲ್ಲಿರುವ ಹಾಗೆ ಗೆರೆಗಳು. ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿಗೆ ಬಿಡದೆ ಅಳೆಯುವುದಷ್ಟೇ ಅದರ ಕೆಲಸ. ಈ ಚೀಲವನ್ನು ಪಕ್ಕಕ್ಕಿಟ್ಟು ಹೋಲಿಸಿದಾಗ ಕಣ್ಣಂದಾಜು ನಿಜವಾದ ಪ್ರಮಾಣಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಇತ್ತು. ಅನುಭವಿಗಳ ಕಣ್ಣೂ ಇಷ್ಟು ತಪ್ಪುತ್ತದೆ. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಸುಮಾರು 80 ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. ಇಂಥದೇ ಚೀಲದಿಂದ ಅಳೆದು, ಗೆರೆ ಮುಟ್ಟಿದೊಡನೆ ಒಂದಷ್ಟು ಚಿಕಿತ್ಸೆಗಳನ್ನು ಒಟ್ಟಿಗೇ ಶುರು ಮಾಡಿದ ಕಡೆ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ 60ರಷ್ಟು ತಗ್ಗಿದ್ದವು. ಅಳೆಯುವ ಚೀಲ, ಒಂದು ಮಾತ್ರೆ, ಎಚ್ಚರವಾಗಿರುವ ಒಬ್ಬ ಸಿಸ್ಟರ್. ಹತ್ತು ಬೆಡ್‌ನ ನರ್ಸಿಂಗ್ ಹೋಮ್ ಕೂಡ ಇಟ್ಟುಕೊಳ್ಳಬಹುದಾದ ಸಾಮಗ್ರಿ ಇದು. ದೊಡ್ಡ ಆಸ್ಪತ್ರೆಯೇ ಸುರಕ್ಷಿತ, ಚಿಕ್ಕದು ಅಪಾಯ ಎಂಬ ಸರಳ ಸೂತ್ರಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಪಾವಗಡವೇ ತೋರಿಸಿಕೊಟ್ಟಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ತಾಯಿ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಮೂವರು ಮಹಿಳೆಯರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಕ್ಲಿಷ್ಟ ಶಸ್ತ್ರಚಿಕಿತ್ಸೆಗಳೇನಲ್ಲ, ತಾಲ್ಲೂಕು ಮಟ್ಟದಲ್ಲಿ ದಿನಬೆಳಗಾದರೆ ನಡೆಯುವಂಥವು. ಆರೋಗ್ಯ ಇಲಾಖೆಯ ತನಿಖೆ ಬೊಟ್ಟು ಮಾಡಿದ್ದು ಸೋಂಕಿನ ಕಡೆಗೆ, ಆಪರೇಷನ್ ಥಿಯೇಟರಿನ ಶುಚಿತ್ವದಲ್ಲಾದ ನಿರ್ಲಕ್ಷ್ಯದ ಕಡೆಗೆ. ವೈದ್ಯರ ಮೇಲೂ ಥಿಯೇಟರ್ ಸಿಬ್ಬಂದಿಯ ಮೇಲೂ ಕ್ರಮವಾಯಿತು. ಅದು ಸರ್ಕಾರಿ ಆಸ್ಪತ್ರೆ, ನರ್ಸಿಂಗ್ ಹೋಮ್ ಅಲ್ಲ, ನಿಜ. ಆದರೆ ಸೋಂಕು ತರುವ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾಕ್ಕೆ ಮಾಲೀಕರು ಯಾರೆಂಬುದು ಗೊತ್ತಾಗುವುದಿಲ್ಲ. ಕತ್ತರಿ, ಫೋರ್ಸೆಪ್ಸ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಆಟೋಕ್ಲೇವ್‌ನಲ್ಲಿಡುತ್ತಾರೆ. ಅದು ದೊಡ್ಡ ಪ್ರೆಷರ್ ಕುಕ್ಕರಿನಂಥದೇ. ಒಳಗೆ ಆವಿ 121 ಡಿಗ್ರಿ ಮುಟ್ಟಬೇಕು, ಅಲ್ಲೇ ಅರ್ಧ ಗಂಟೆ ನಿಲ್ಲಬೇಕು. ಕಟ್ಟಿನ ಮೇಲೆ ಅಂಟಿಸಿದ ಟೇಪಿನ ಮಾಸಲು ಗೆರೆಗಳು ಬಿಸಿ ತಾಗಿದ ಮೇಲೆ ಕಪ್ಪಾಗುತ್ತವೆ. ಪಕ್ಕದಲ್ಲಿ ತಾರೀಖು, ಸಹಿ ಇರಬೇಕು. ಟೇಪ್ ಕಪ್ಪಾಗಿದೆ ಎಂದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ, ಒಳಗಿನ ಸೂಕ್ಷ್ಮಾಣು ಸತ್ತಿದೆ ಎಂದಲ್ಲ. ಅದನ್ನು ತಿಳಿಯಲು ಬಿಸಿಗೆ ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾದ ಬೀಜಕಣಗಳಿರುವ ಸಣ್ಣ ಶೀಶೆಯನ್ನು ಆಗಾಗ ಒಳಗಿಟ್ಟು ಪರೀಕ್ಷಿಸಬೇಕು. ಕರೆಂಟು ಹೋಗಿ ಬಂದು ಮಾಡುವ ಊರಲ್ಲಿ, ಒಂದೇ ದಿನ ಸಾಲಾಗಿ ಆಪರೇಷನ್ ಇದ್ದಾಗ, ‘ಹತ್ತು ನಿಮಿಷ ಆಯ್ತಲ್ಲ, ತೆಗೀರಿ’ ಎಂದು ಯಾರಾದರೂ ಹೇಳಿದರೆ ‘ಆಗಲ್ಲ ಸಾರ್’ ಎನ್ನುವ ಥಿಯೇಟರ್ ಸಿಬ್ಬಂದಿ ಅಲ್ಲಿದ್ದಾರೆಯೇ? ರೋಗಿಯ ಪ್ರಾಣ ನಿಂತಿರುವುದು ಆ ಉತ್ತರದ ಮೇಲೆ. ಯಾರ ಕೈಗುಣವೂ ಉಳಿದ ಆ ನಿಮಿಷಗಳನ್ನು ತುಂಬಿಕೊಡಲಾರದು.

ರಾತ್ರಿಯ ಮಾತಿಗೆ ಮರಳೋಣ. 2024ರ ಮೇ ತಿಂಗಳಲ್ಲಿ ದಿಲ್ಲಿಯ ವಿವೇಕ ವಿಹಾರದಲ್ಲಿ ನವಜಾತ ಶಿಶುಗಳ ಚಿಕ್ಕ ಖಾಸಗಿ ಆಸ್ಪತ್ರೆಯೊಂದಕ್ಕೆ ರಾತ್ರಿ ಬೆಂಕಿ ಬಿತ್ತು. ಆಮ್ಲಜನಕದ ಸಿಲಿಂಡರುಗಳು ಸಿಡಿದು ಹಸುಗೂಸುಗಳು ಸತ್ತವು. ಆಮೇಲೆ ಹೊರಬಿದ್ದದ್ದು ಇಷ್ಟು: ನೋಂದಣಿಯ ಅವಧಿ ಮಾರ್ಚ್ ಕೊನೆಗೇ ಮುಗಿದಿತ್ತು, ಅನುಮತಿ ಇದ್ದದ್ದು ಐದು ಬೆಡ್‌ಗೆ, ಒಳಗಿದ್ದ ಮಕ್ಕಳು ಅದಕ್ಕಿಂತ ಎರಡು ಪಟ್ಟು ಹೆಚ್ಚು, ತೀವ್ರ ನಿಗಾ ಬೇಕಿದ್ದ ಆ ಕೂಸುಗಳಿಗೆ ಡ್ಯೂಟಿಯಲ್ಲಿದ್ದವರು ಆಯುರ್ವೇದ ಪದವೀಧರರು. ಇದರಲ್ಲಿ ಒಂದೂ ಗುಪ್ತ ಸಂಗತಿಯಲ್ಲ. ಗೋಡೆಯ ಮೇಲಿನ ಸರ್ಟಿಫಿಕೇಟಿನಲ್ಲಿ, ಬೆಡ್‌ಗಳ ಎಣಿಕೆಯಲ್ಲಿ, ‘ರಾತ್ರಿ ಡಾಕ್ಟ್ರು ಯಾರು, ಏನು ಓದಿದ್ದಾರೆ?’ ಎಂಬ ಒಂದು ಪ್ರಶ್ನೆಯಲ್ಲಿ ತಿಳಿಯುವಂಥವು. ಸಿಸೇರಿಯನ್ ಲೆಕ್ಕವನ್ನೂ ನಾನು ಈ ರಾತ್ರಿಯ ಬೆಳಕಿನಲ್ಲೇ ಓದುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 14.3 ಸಿಸೇರಿಯನ್, ಖಾಸಗಿಯಲ್ಲಿ ಶೇ 47.4. ದುಡ್ಡಿನ ಆಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ, ಅದೂ ಇರಬಹುದು. ಆದರೆ ಹನ್ನೆರಡು ಗಂಟೆ ಹೆರಿಗೆ ನೋವನ್ನು ಕಾದು ನೋಡಲು ರಾತ್ರಿ ತರಬೇತಾದ ಸಿಬ್ಬಂದಿ ಬೇಕು. ತುಮಕೂರಿನಿಂದ ಬರುವ ಅರಿವಳಿಕೆ ವೈದ್ಯರು ಸಂಜೆ ವಾಪಸು ಹೋಗಿಬಿಡುತ್ತಾರೆ ಎಂದರೆ, ಹಗಲಿರುವಾಗಲೇ ಮುಗಿಸಿಬಿಡೋಣ ಎಂಬ ಯೋಚನೆ ಬರುವುದು ಸಹಜ. ಹಾಗಾಗಿ ಶೇಕಡಾವಾರನ್ನು ಹಿಡಿದು ವೈದ್ಯರನ್ನು ಬೈಯುವುದಕ್ಕಿಂತ, ಅರಿವಳಿಕೆ ಕೊಟ್ಟವರು ಆಪರೇಷನ್ ಮುಗಿದ ಮೇಲೆ ಎಷ್ಟು ಹೊತ್ತು ಇರುತ್ತಾರೆ, ರಾತ್ರಿ ಬೇಕಾದರೆ ಯಾರು ಬರುತ್ತಾರೆ ಎಂದು ಕೇಳುವುದು ಹೆಚ್ಚು ಉಪಯೋಗದ ಕೆಲಸ.

ಕಾನೂನು ಈ ವಿಷಯದಲ್ಲಿ ನಾವು ಅಂದುಕೊಂಡಷ್ಟು ಬಡವಾಗಿಲ್ಲ. ಕೆಪಿಎಂಇ ನೋಂದಣಿ ಐದು ವರ್ಷಕ್ಕೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿಯನ್ನೂ ನೋಡಬೇಕು, ದೂರನ್ನೂ ಕೇಳಬೇಕು. ದರಪಟ್ಟಿ ಕಾಣುವ ಹಾಗೆ ಹಾಕಬೇಕು. ತುರ್ತು ಬಂದವರಿಗೆ ಅಡ್ವಾನ್ಸ್ ಕೇಳದೆ ಪ್ರಥಮ ಚಿಕಿತ್ಸೆ ಕೊಡಬೇಕು. ಬೋರ್ಡಿನ ಮೇಲೆ ನೋಂದಣಿ ಸಂಖ್ಯೆ ಇರಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣ ಎಂದೂ ಇಲಾಖೆ 2024ರಲ್ಲಿ ಹೇಳಿತು. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ರೋಗಿ ಕೇಳಿದರೆ ದಾಖಲೆಯ ಪ್ರತಿಯನ್ನು 72 ಗಂಟೆಯೊಳಗೆ ಕೊಡಬೇಕು. ಸೂಜಿ, ಹತ್ತಿ, ರಕ್ತದ ಬಟ್ಟೆಗಳನ್ನು ಬಣ್ಣದ ಚೀಲ–ಡಬ್ಬಿಗಳಲ್ಲಿ ಬೇರೆ ಮಾಡಬೇಕು, ರಕ್ತ ತಾಗಿದ ಹತ್ತಿ–ಬಟ್ಟೆಗಳನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು 2016ರ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಹಳದಿ ಚೀಲದಲ್ಲಿ ಬಾಳೆಹಣ್ಣಿನ ಸಿಪ್ಪೆ, ಸಾಮಾನ್ಯ ಕಸದ ಬುಟ್ಟಿಯಲ್ಲಿ ಸಿರಿಂಜು ಕಂಡರೆ ಆ ಕಟ್ಟಡದ ಥಿಯೇಟರಿನ ಶಿಸ್ತನ್ನು ಒಳಗೆ ಹೋಗದೆಯೇ ಊಹಿಸಬಹುದು. ಸೋಂಕಿನ ಮಟ್ಟಿಗೆ ಹೇಳುವುದಾದರೆ ಕಸದ ಬುಟ್ಟಿಯಷ್ಟು ಪ್ರಾಮಾಣಿಕ ಸಾಕ್ಷಿ ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಕಾಗದ, ಬೋರ್ಡು, ಟಿಕ್ ಮಾರ್ಕುಗಳಿಂದ ಗುಣಮಟ್ಟ ಬರುತ್ತದೆಯೇ? ಬರುವುದಿಲ್ಲ ಎನ್ನಲು ನನ್ನ ವಾದಕ್ಕೆ ಅನುಕೂಲವಲ್ಲದ ಸಾಕ್ಷ್ಯವೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯನ್ನು ದಿಲ್ಲಿಯೂ ಸೇರಿ ಎಂಟು ನಗರಗಳಲ್ಲಿ ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಎಲ್ಲರೂ ಕುಣಿದಾಡಿದರು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ ಅದನ್ನು ಕಡ್ಡಾಯ ಮಾಡಿದ ಮೇಲೆ ನೂರಕ್ಕೂ ಹೆಚ್ಚು ಆಸ್ಪತ್ರೆಗಳನ್ನು ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮಗೆ ಇನ್ನೂ ಹತ್ತಿರದ್ದು ಉತ್ತರಪ್ರದೇಶದ ಪ್ರಯೋಗ. 24 ಜಿಲ್ಲೆಗಳ 120 ಹೆರಿಗೆ ಕೇಂದ್ರಗಳ ಪೈಕಿ ಅರ್ಧಕ್ಕೆ ಸುರಕ್ಷಿತ ಹೆರಿಗೆಯ ಪಟ್ಟಿ ಕೊಟ್ಟು, ಹೇಗೆ ಬಳಸುವುದೆಂದು ತಿಂಗಳುಗಟ್ಟಲೆ ಹೇಳಿಕೊಟ್ಟರು. ಸಿಬ್ಬಂದಿಯ ನಡವಳಿಕೆ ಸುಧಾರಿಸಿತು, ಆದರೆ ತಾಯಿ ಮಕ್ಕಳ ಸಾವು ತಗ್ಗಲಿಲ್ಲ. 2017ರಲ್ಲಿ ಈ ಫಲಿತಾಂಶ ಬಂದಾಗ ಅನೇಕರಿಗೆ ಬೇಸರವಾಯಿತು. ನಾನು ಇದನ್ನು ಓದಿಕೊಳ್ಳುವುದು ಹೀಗೆ: ಪಟ್ಟಿ ಎಂಬುದು ಕೈಗೆ ನೆನಪು ಕೊಡುತ್ತದೆ, ಕೈಯನ್ನೇ ಕೊಡುವುದಿಲ್ಲ. ರಕ್ತ ಬೇಕೆಂದು ಗುರುತು ಹಾಕಿದರೆ ರಕ್ತ ಬಂದುಬಿಡುವುದಿಲ್ಲ, ಸಿಸೇರಿಯನ್ ಮಾಡುವವರು ಊರಲ್ಲಿಲ್ಲದಿದ್ದರೆ ಟಿಕ್ ಹಾಕಿದ ಕಾಗದ ಮಗುವನ್ನು ಹೊರತೆಗೆಯುವುದಿಲ್ಲ. ಆದ್ದರಿಂದಲೇ ನಾನು ಸರ್ಟಿಫಿಕೇಟನ್ನು ಕೊನೆಯ ಮಾತೆಂದು ಹೇಳುತ್ತಿಲ್ಲ. ಎನ್‌ಎಬಿಎಚ್ ಎಂಬ ಗುಣಮಟ್ಟ ಮಾನ್ಯತೆಯ ಫಲಕ ಇದ್ದರೆ ಒಳ್ಳೆಯದು, 50 ಬೆಡ್‌ವರೆಗಿನ ಚಿಕ್ಕ ಆಸ್ಪತ್ರೆಗಳಿಗೂ ಅದರ ಪ್ರವೇಶ ಹಂತ ಇದೆ. ಆದರೆ ಕಾಗದ ಸರಿ ಇದ್ದೂ ಆಸ್ಪತ್ರೆ ಕೆಟ್ಟದಿರಬಹುದು. ಕಾಗದವೇ ಇಲ್ಲದ, ಅವಧಿ ಮುಗಿದ ಕಡೆ ಒಳ್ಳೆಯದನ್ನು ನಿರೀಕ್ಷಿಸಲು ಮಾತ್ರ ಕಾರಣವೇ ಇಲ್ಲ. ಕಾಗದ ಜರಡಿ ಇದ್ದ ಹಾಗೆ. ಜರಡಿ ಹಿಡಿದ ಮೇಲೆ ಮಿಕ್ಕದ್ದನ್ನು ಕಲ್ಲು ಆರಿಸಿ ನೋಡುವ ಕೆಲಸ ಇದ್ದೇ ಇದೆ.

ಎರಡನೆಯ ಆಕ್ಷೇಪ, ಓದು ಬರಹ ಹೆಚ್ಚು ತಿಳಿಯದ ಜನ ವೈದ್ಯಕೀಯ ಗುಣಮಟ್ಟವನ್ನು ಹೇಗೆ ಅಳೆಯುತ್ತಾರೆ, ಅದೂ ನೋವು ತಿನ್ನುತ್ತಿರುವಾಗ? ನೋವಿನಲ್ಲಿ ಅಳೆಯಲು ಸಾಧ್ಯವಿಲ್ಲ, ಆ ಮಾತು ಸರಿ. ಆದರೆ ಹೆರಿಗೆ ನೋಟಿಸ್ ಕೊಡದೆ ಬರುವ ನೆಂಟ ಅಲ್ಲ. ಏಳನೇ ತಿಂಗಳಲ್ಲಿ ಬಳೆ ತೊಡಿಸಲು ದಿನ ನೋಡುವ ಮನೆಗೆ ಆಸ್ಪತ್ರೆ ನೋಡಲೂ ಒಂದು ದಿನ ಸಿಗುತ್ತದೆ. ಗರ್ಭಕೋಶದ, ಹರ್ನಿಯಾದ ಆಪರೇಷನ್ನುಗಳೂ ಹೆಚ್ಚಿನ ಪಾಲು ದಿನ ಗೊತ್ತು ಮಾಡಿಕೊಂಡೇ ಆಗುವಂಥವು. ಇನ್ನು ತಿಳಿವಳಿಕೆಯ ಮಾತು. ಹೊಲಿಗೆ ಎಷ್ಟು ಚೆನ್ನಾಗಿ ಹಾಕಿದರೆಂದು ನಮಗೆ ತಿಳಿಯುವುದಿಲ್ಲ. ಆದರೆ ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರ ಕಡೆ ಹೋಗುವ ಮುಂಚೆ ಸಿಸ್ಟರ್ ಕೈ ತೊಳೆದರೋ ಇಲ್ಲವೋ ಕಾಣುತ್ತದೆ. ಡ್ರಿಪ್ ಸೂಜಿಯ ಪ್ಲಾಸ್ಟರ್ ಮೇಲೆ ಹಾಕಿದ ದಿನ ಬರೆದಿದೆಯೋ ಇಲ್ಲವೋ ಕಾಣುತ್ತದೆ. ಕೊಡುವ ಮುಂಚೆ ಹೆಸರು ಕೇಳಿದರೋ, ಬೆಡ್ ನಂಬರ್ ನೋಡಿ ಇಂಜೆಕ್ಷನ್ ಚುಚ್ಚಿದರೋ ಕಾಣುತ್ತದೆ. ಅಡುಗೆಮನೆ ನೋಡಿ ಹೆಣ್ಣು ಕೊಡುವ, ಸೊಸೆ ತರುವ ನಮ್ಮ ಹೆಂಗಸರಿಗೆ ಈ ಕಣ್ಣು ಹೊಸದಾಗಿ ಬರಬೇಕಾಗಿಲ್ಲ. ಗೂಗಲ್‌ನ ನಕ್ಷತ್ರಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಅವು ಹೆಚ್ಚಾಗಿ ಹೇಳುವುದು ರಿಸೆಪ್ಷನ್ನಿನವರ ಮಾತು ಮತ್ತು ಕಾಯಿಸಿದ ಹೊತ್ತನ್ನು.

ವೈದ್ಯರ ಕಡೆಯಿಂದ ಬರುವ ಆಕ್ಷೇಪ ಇನ್ನೂ ಭಾರದ್ದು. ಪ್ರಶ್ನೆ, ನಿಯಮ, ದಂಡ ಹೆಚ್ಚಾದರೆ ತಾಲ್ಲೂಕಿನ ಚಿಕ್ಕ ನರ್ಸಿಂಗ್ ಹೋಮ್‌ಗಳು ಮುಚ್ಚಿಹೋಗುತ್ತವೆ, ಆಗ ಇರುವ ಬೆಡ್ಡೂ ಇಲ್ಲವಾಗುತ್ತದೆ ಎನ್ನುತ್ತಾರೆ. 2017ರ ನವೆಂಬರಿನಲ್ಲಿ ಕೆಪಿಎಂಇ ತಿದ್ದುಪಡಿಯ ವಿರುದ್ಧ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗಲೂ ಈ ಮಾತು ಕೇಳಿಬಂತು. ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯಡಿ ತನ್ನಿ ಎಂದು ಅವರು ಕೇಳಿದ್ದು ಆಗ ಹಠದಂತೆ ಕಂಡಿತ್ತು. ಪಾವಗಡದ ಮೂರು ಸಾವುಗಳ ನಂತರ ಅದು ಅಷ್ಟು ಹಠವಾಗಿ ಕಾಣುವುದಿಲ್ಲ. ರೋಗಿ ಸತ್ತ ತಕ್ಷಣ ಗಾಜು ಒಡೆಯುವ ಜನರ ಭಯವೂ ಸುಳ್ಳಲ್ಲ, ಅದನ್ನು ತಡೆಯಲು 2009ರಲ್ಲಿ ಪ್ರತ್ಯೇಕ ಕಾಯ್ದೆಯೇ ಬರಬೇಕಾಯಿತು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನಗೆ ಕಾಣುವುದು, ಸುರಕ್ಷತೆ ಕೇಳುವುದೆಂದರೆ ಐಸಿಯು ಕೇಳುವುದಲ್ಲ. ‘ಅವಳಿ ಮಕ್ಕಳು, ಬಿಪಿ ಜಾಸ್ತಿ ಇದೆ, ನಮ್ಮಲ್ಲಿ ರಕ್ತ ಇಲ್ಲ, ನೀವು ಎಂಟನೇ ತಿಂಗಳಿಂದ ತುಮಕೂರಲ್ಲೇ ತೋರಿಸಿ’ ಎಂದು ಹೇಳಿ ಕಳಿಸುವ ನರ್ಸಿಂಗ್ ಹೋಮ್ ನನ್ನ ಲೆಕ್ಕದಲ್ಲಿ ಮೊದಲ ದರ್ಜೆಯದು, ಅದಕ್ಕೆ ಆರೇ ಬೆಡ್ ಇರಲಿ. ಎಲ್ಲವನ್ನೂ ಒಪ್ಪಿಕೊಂಡು, ಕೈಮೀರಿದ ಮೇಲೆ ಅರ್ಧ ಹಾಳೆಯ ಚೀಟಿ ಕೊಟ್ಟು 108ಕ್ಕೆ ಹತ್ತಿಸುವ ಕಡೆ ಮಾರ್ಬಲ್ ಹಾಕಿದ್ದರೂ ಪ್ರಯೋಜನವಿಲ್ಲ. ರೆಫರಲ್ ಚೀಟಿಯಲ್ಲಿ ಏನಾಯಿತು, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟರು, ಮುಂದಿನ ಆಸ್ಪತ್ರೆಯಲ್ಲಿ ಯಾರ ಜೊತೆ ಫೋನಿನಲ್ಲಿ ಮಾತಾಡಿದರು ಎಂದು ಬರೆಯಲು ಖರ್ಚಾಗುವುದು ಐದು ನಿಮಿಷ. ಒಳ್ಳೆಯ ವೈದ್ಯರು ಇದನ್ನು ಈಗಲೂ ಮಾಡುತ್ತಾರೆ, ಕೇಳಿದರೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಹಾಗಾಗಿ ಓದುಗರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಮಧುಗಿರಿಯಲ್ಲೋ ಪಾವಗಡದಲ್ಲೋ ಅಡ್ಮಿಟ್ ಆಗಿರುವ ನೆಂಟರನ್ನು ನೋಡಲು ಎಳನೀರು, ಬ್ರೆಡ್ಡು ಹಿಡಿದುಕೊಂಡು ಹೋದಾಗ, ಕೌಂಟರಿನ ಹಿಂದಿನ ಗೋಡೆಯಲ್ಲಿ ದೇವರ ಪಟದ ಪಕ್ಕ ಕೆಪಿಎಂಇ ಸರ್ಟಿಫಿಕೇಟು ತೂಗುಹಾಕಿದ್ದಾರೆಯೇ ನೋಡಿ, ಅದರ ಮೇಲಿನ ತಾರೀಖನ್ನು ಓದಿ. ಹೊರಡುವ ಮುಂಚೆ ಸಿಸ್ಟರನ್ನು ಮೆಲ್ಲಗೆ ಕೇಳಿ: ‘ಅಮ್ಮ, ಇವತ್ತು ರಾತ್ರಿ ಇಲ್ಲಿ ಯಾರಿರ್ತಾರೆ?’